ಮಿರ್ಚಿ ಪೆಟ್ಟಿಗೆಯ ಎಕ್ಸ್‌ರೇ

ಹಾನಗಲ್ಲಿನ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಮೇಜಿದೆ. ಅರ್ಜಿ, ಕರಾರು, ಆಸ್ತಿ ಪಾಲಿನ ವಾಟ್ನಿ ಪತ್ರ, ಮೃತ್ಯುಪತ್ರ ಎಲ್ಲವನ್ನೂ ಬರೆದುಕೊಡುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಜನ ನನ್ನೆದುರು ಕೂತು ಸುಳ್ಳು ಹೇಳಿದ್ದಾರೆ, ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ. ಆದ್ದರಿಂದ ನನ್ನ ಮಾತನ್ನು ಪೂರ್ತಿ ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ವೀರವ್ವನ ವಿಷಯದಲ್ಲಿ ಮಾತ್ರ ನಂಬಿ. ಅವಳಿಗೆ ಹೇಳಬೇಕಾಗಿದ್ದ ಒಂದು ಸಣ್ಣ ನಿಜವನ್ನು ಇಪ್ಪತ್ತು ವರ್ಷ ನುಂಗಿಕೊಂಡು ಕೂತವನು ನಾನು. ಅದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ನನ್ನನ್ನು ಮರ್ಯಾದಸ್ಥ ಎಂದೇ ತಿಳಿಯಿರಿ.

ವೀರವ್ವ ನನ್ನ ಮೇಜಿನಿಂದ ನಲವತ್ತು ಹೆಜ್ಜೆ ದೂರದಲ್ಲಿ ಮಿರ್ಚಿ ಕರಿಯುತ್ತಾಳೆ. ವಯಸ್ಸು ನಲವತ್ನಾಲ್ಕು. ತವರು ಶಿಗ್ಗಾಂವಿ ತಾಲೂಕಿನ ದುಂಡಸಿ. ಗಂಡ ಗುಡ್ಡಪ್ಪ ಬೆಳಗಿನಿಂದ ಮೆಣಸಿನಕಾಯಿ ಸೀಳಿ ಕೊಡುತ್ತಾನೆ, ಮಾತು ಮಾತ್ರ ಆಡುವುದಿಲ್ಲ. ಅವನ ಪಾಲಿನದನ್ನೂ ಅವಳೇ ಆಡುತ್ತಾಳೆ. ಗಾಡಿ ಮೊದಲು ಅವಳ ಅತ್ತೆ ಅನ್ನವ್ವನದು. ಹಿಟ್ಟಿಗೆ ಎಷ್ಟು ಅಜವಾನ, ಎಷ್ಟು ಸೋಡಾ, ಬೆರಳಲ್ಲಿ ಹಿಡಿದು ಎಷ್ಟು ಚಿಮಟಿ ಉಪ್ಪು ಎಂಬ ಲೆಕ್ಕವನ್ನು ಇಪ್ಪತ್ತು ವರ್ಷದ ಹಿಂದೆ ಅನ್ನವ್ವ ಸಾಯುವ ಮುಂಚೆ ಸೊಸೆಗೆ ಬಾಯಿಪಾಠ ಮಾಡಿಸಿದ್ದಳು. ವೀರವ್ವ ಆ ಲೆಕ್ಕವನ್ನು ಒಂದು ದಿನವೂ ಮೀರಿದವಳಲ್ಲ, ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದವಳೂ ಅಲ್ಲ. ಅನ್ನವ್ವನದು ಗಂಡಸಿನಂಥ ಅಗಲ ಕೈ, ವೀರವ್ವನ ಬೆರಳು ಐದನೇ ಇಯತ್ತೆಯ ಹುಡುಗಿಯ ಬೆರಳಿನಷ್ಟು. ಈ ಮಾತು ನೆನಪಿಟ್ಟುಕೊಳ್ಳಿ.

ಅವಳ ಸಿಟ್ಟಿನ ಬಗ್ಗೆಯೂ ಹೇಳಬೇಕು. ಒಮ್ಮೆ ಒಬ್ಬ ಬಸ್ ಕಂಡಕ್ಟರ್ “ಮಿರ್ಚಿ ಇವತ್ತ ಸ್ವಲ್ಪ ಮೆತ್ತಗಾಗ್ಯಾವಲ್ಲ” ಎಂದ. ಅವನ ಚರ್ಮದ ಚೀಲದೊಳಗೆ ಒಂದು ಸೌಟು ಹಸಿ ಹಿಟ್ಟು ಸುರಿದು, “ತಗೋ, ನೀನ ಗರಿಗರಿ ಕರಕೋ” ಎಂದಳು. ಅಂದಿನಿಂದ ಹಾನಗಲ್ಲಿನಲ್ಲಿ ಅವಳ ಮಿರ್ಚಿಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಆ ಮಿರ್ಚಿಯನ್ನು ತಿನ್ನುವುದಕ್ಕೂ ನಮ್ಮದೊಂದು ರೂಢಿ ಇತ್ತು. ಕಾಗದದಲ್ಲಿ ಕಟ್ಟಿಸಿಕೊಂಡು, ಪಕ್ಕದ ಖಾದರಸಾಬನ ಚಹಾದಂಗಡಿಯ ಒಳಗಿನ ಬೆಂಚಿಗೆ ಹೋಗಿ ತಿನ್ನುವುದು. ಅವಳ ಎದುರಿಗೆ ನಿಂತು ಯಾರೂ ತಿನ್ನುತ್ತಿರಲಿಲ್ಲ. ಯಾಕೆಂದು ಅವಳೇ ಒಮ್ಮೆ ಕೇಳಿದಾಗ ಖಾದರಸಾಬ, “ನೀನು ತಿನ್ನಾಂಗಿಲ್ಲ. ನಿನ್ನ ಮುಂದ ನಿಂತು ನಾವು ಹೆಂಗ ತಿನ್ನೋದವ್ವಾ?” ಎಂದಿದ್ದ. ವೀರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು.

ಹೌದು, ಮಿರ್ಚಿ ಮಾರುವ ವೀರವ್ವ ಮಿರ್ಚಿ ತಿನ್ನುವಂತಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಖಾರ ಬಿಟ್ಟವಳು. ಸಣ್ಣಂದಿನಿಂದಲೂ ಅವಳಿಗೆ ಸಂಡಾಸಿನಲ್ಲಿ ರಕ್ತ ಹೋಗುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಸುಮ್ಮನೆ ರಕ್ತ. ಕೆಲವು ತಿಂಗಳು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಎಲ್ಲರೂ ಅದಕ್ಕೆ ಮೂಲವ್ಯಾಧಿ ಎಂದು ಹೆಸರಿಟ್ಟರು. ಹೆಸರು ಇಟ್ಟಮೇಲೆ ಸಲಹೆಗೇನು ಬರವೇ? ದುಂಡಸಿಯ ದೊಡ್ಡವ್ವ ನಾಚಿಕೆಮುಳ್ಳಿನ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ಹಿರೇಕೆರೂರಿನ ಮೈದುನ ಒಂದು ಚೀಲ ಸುವರ್ಣಗಡ್ಡೆ ತಂದಿಳಿಸಿದ. ಎಂಟು ತಿಂಗಳು ಅದೇ ಪಲ್ಯ, ಅದೇ ಸಾರು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಮಜೀದ, ಎಡಗಾಲಿನ ಹೆಬ್ಬೆರಳಿಗೆ ತಾಮ್ರದ ಉಂಗುರ ಹಾಕಿದರೆ ರಕ್ತ ತಾನಾಗಿ ಹಿಂದಕ್ಕೆ ಹೋಗುತ್ತದೆ ಎಂದ. ಹೇಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಕೂರುವ, ಬಸ್ ನಿಲ್ದಾಣದ ಮೂತ್ರಿಖಾನೆಯ ಗೋಡೆಯ ಮೇಲೆ ತನ್ನ ಹೆಸರು ಬರೆಸಿಕೊಂಡಿದ್ದ ಒಬ್ಬ ತಜ್ಞ ಇಂಜೆಕ್ಷನ್ ಚುಚ್ಚಿದ. ನಾನು ಹಿಂದೆ ಬೀಳಲಿಲ್ಲ. ಬರಿಹೊಟ್ಟೆಯಲ್ಲಿ ಮೂಲಂಗಿ ರಸ ಕುಡಿಯುವುದು ನನ್ನ ಸಲಹೆ. ಪಾಪ, ಅದನ್ನೂ ಕುಡಿದಳು. ಒಂದು ಮಾತಿನಲ್ಲಿ ಮಾತ್ರ ನಾಲ್ಕೂ ತಾಲೂಕು ಒಂದಾಗಿತ್ತು: ಖಾರ ಬಿಡು.

ಎರಡು ಸಲ ಪೈಲ್ಸ್ ಎಂದು ಆಪರೇಷನ್ ಆಗಿತ್ತು. ಎರಡನೆಯ ಸಲ ಕತ್ತರಿ ಇಟ್ಟೊಡನೆ ರಕ್ತ ನಿಲ್ಲದೆ, ಬಟ್ಟೆ ತುರುಕಿ, ಮೂರು ಬಾಟಲಿ ರಕ್ತ ಏರಿಸಿ ಅರ್ಧಕ್ಕೇ ಬಿಟ್ಟು ಕಳಿಸಿದ್ದರು. ಈಗ ಮೂರನೆಯದು. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಅವಳ ಮುಖ ಕಡಲೆಹಿಟ್ಟಿನ ಬಣ್ಣಕ್ಕೆ ಬಂದಿತ್ತು. ಹಿಮೋಗ್ಲೋಬಿನ್ ಆರು. ಮುಂದಿನ ಸೋಮವಾರ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಎಂದು ಗೊತ್ತಾಗಿ, ಒಪ್ಪಿಗೆ ಪತ್ರ ತುಂಬಿಸಲು ನನ್ನ ಮೇಜಿಗೆ ಬಂದಳು.

“ಏನ್ ಬರದಾರೋ ಓದಿ ಹೇಳ್ರಿ ಫಕ್ಕೀರಪ್ಪಣ್ಣಾರ” ಎಂದಳು.

ಓದಿದೆ. ಜೀವಕ್ಕೆ ಅಪಾಯವಾದರೆ ನಾವು ಜವಾಬ್ದಾರರಲ್ಲ ಎಂಬುದನ್ನು ಆರು ಸಾಲಿನಲ್ಲಿ ಸುತ್ತಿ ಬಳಸಿ ಬರೆದಿದ್ದರು. ನಾನಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

“ಈ ಸಲ ಹೋಗೇ ಬಿಡ್ತೇನಿ ಅನಸ್ತೈತ್ರಿ. ಹೋಗೋದಕ್ಕ ಅಂಜಿಕಿಲ್ಲ. ಇಪ್ಪತ್ತಾರು ವರ್ಷ ಊರಿಗೆಲ್ಲಾ ಮಿರ್ಚಿ ತಿನ್ನಿಸೇನಿ. ನಂದೊಂದು ಮಿರ್ಚಿ ಹೆಂಗಿರ್ತೈತಿ ಅಂತ ನನಗ ಗೊತ್ತಿಲ್ಲ. ಅದೊಂದ ಹೊಟ್ಟಿ ಉರಿ.”

ಸಹಿ ನಾಳೆ ಮಾಡಿದರಾಯಿತು ಎಂದು ಪತ್ರವನ್ನು ಮೇಜಿನ ಡ್ರಾವರಿನಲ್ಲಿ ಇಟ್ಟುಕೊಂಡೆ.

ಈಗ ಆ ಗಾಡಿಯ ಮೇಲಿನ ಗಾಜಿನ ಪೆಟ್ಟಿಗೆಯ ವಿಷಯ. ಕರಿದ ಮಿರ್ಚಿಗೆ ನೊಣ ಕೂರದಿರಲೆಂದು ಇಟ್ಟ ಪೆಟ್ಟಿಗೆ, ಒಳಗೊಂದು ಬಲ್ಬು. ಗಿರಾಕಿಯ ಕಡೆಯ ಗಾಜು ಹದಿನೈದು ವರ್ಷದ ಹಿಂದೆ ಒಡೆಯಿತು. ವೀರವ್ವ ಹೊಸ ಗಾಜು ತರಲಿಲ್ಲ. ಟ್ರಂಕಿನಿಂದ ಒಂದು ಹಳೆಯ ಎಕ್ಸ್‌ರೇ ತೆಗೆದು ಮೊಳೆ ಹೊಡೆದಳು. ಅವಳು ಮದುವೆಗೆ ಮುಂಚೆ ಹುಲ್ಲಿನ ಬಂಡಿಯಿಂದ ಬಿದ್ದಾಗ ಹುಬ್ಬಳ್ಳಿಯಲ್ಲಿ ತೆಗೆಸಿದ ಎಕ್ಸ್‌ರೇ ಅದು. ಎಲುಬು ಮುರಿದಿರಲಿಲ್ಲ. ದವಾಖಾನೆಯ ಕಾಗದ ಒಗೆಯಬಾರದೆಂದು ತಾಯಿ ಅದನ್ನು ಮಗಳ ಸೀರೆಗಳ ಅಡಿಗೆ ಇಟ್ಟು ಕಳಿಸಿದ್ದಳು. ಹೀಗೆ ಹಾನಗಲ್ಲಿನ ಜನ ಹದಿನೈದು ವರ್ಷ ವೀರವ್ವನ ಟೊಂಕದ ಎಲುಬುಗಳ ಮೂಲಕ ಮಿರ್ಚಿ ನೋಡಿ ಆರಿಸಿಕೊಂಡರು. “ಎಡಗಡೆ ಎಲುಬಿನ ಹಿಂದಿನವು ನಾಕು ಕೊಡವ್ವಾ” ಎಂದು ಕೇಳುವುದು ನಮಗೆ ವಾಡಿಕೆಯಾಗಿತ್ತು. ಆ ಹಾಳೆಯ ನಡುವೆ ಸಣ್ಣ ಬಿಳಿ ಚುಕ್ಕಿಗಳಿದ್ದವು. ಎಣ್ಣೆ ಸಿಡಿದ ಕಲೆಯೆಂದು ವೀರವ್ವ ದಿನಾ ಬೆಳಿಗ್ಗೆ ಪಾತ್ರೆ ಸೋಪಿನಿಂದ ಅವನ್ನು ತಿಕ್ಕುತ್ತಿದ್ದಳು. ಹೋಗುತ್ತಿರಲಿಲ್ಲ. ಅವಕ್ಕೂ ಬೈಯುತ್ತಿದ್ದಳು.

ಆ ಒಪ್ಪಿಗೆ ಪತ್ರ ನನ್ನ ಡ್ರಾವರಿಗೆ ಬಂದ ಸಂಜೆಯೇ ಗಾಡಿಗೆ ಒಬ್ಬ ಹೊಸ ಗಿರಾಕಿ ಬಂದ. ಹೆಸರು ನಿಯಾಜ, ಸವಣೂರಿನವನು, ಮೂವತ್ತೈದರ ಆಸುಪಾಸು. ಊರಲ್ಲಿ ಹೊಸದಾಗಿ ತೆರೆದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅವನಿಗೆ ನಮ್ಮ ರೂಢಿ ಗೊತ್ತಿಲ್ಲ. ಅಲ್ಲಿಯೇ, ಅವಳ ಎದುರಿಗೇ ನಿಂತು ಮಿರ್ಚಿ ಕಚ್ಚಿದ. ಕಚ್ಚಿದವನು ಅಗಿಯುವುದನ್ನು ನಿಲ್ಲಿಸಿ ಏನೋ ಹೇಳಲು ಬಾಯಿ ತೆರೆದ. ಖಾದರಸಾಬ ಒಳಗಿನಿಂದಲೇ ಗಾಬರಿಯಲ್ಲಿ ಕೂಗಿದ: “ಭಾಯಿ, ಒಳಗ ಬರ್ರಿ, ಚಹಾ ಕುಡೀರಿ!”

ನಿಯಾಜ ಬರಲಿಲ್ಲ. ಅವನ ಕಣ್ಣು ಪೆಟ್ಟಿಗೆಯ ಮೇಲಿತ್ತು.

“ಅಕ್ಕಾರ, ಈ ಎಕ್ಸ್‌ರೇ ಯಾರದ್ರಿ?”

“ನಂದು. ಊರ ಮಂದಿ ಎಲ್ಲಾ ನೋಡ್ಯಾರ, ನೀವೂ ನೋಡ್ರಿ.”

“ಈ ಚುಕ್ಕಿ?”

“ಎಣ್ಣಿ ಕಲಿ. ಎಷ್ಟ್ ತಿಕ್ಕಿದ್ರೂ ಹೋಗವಲ್ವು.”

ನಿಯಾಜ ಉಗುರಿನಿಂದ ಕೆರೆದ. ಕರವಸ್ತ್ರದಿಂದ ಒರೆಸಿದ. ಪೆಟ್ಟಿಗೆಯೊಳಗೆ ಕೈ ಹಾಕಿ ಹಿಂದಿನಿಂದಲೂ ಒರೆಸಿದ. ಆಮೇಲೆ ಬೆರಳಿಟ್ಟು ಎಣಿಸಿದ.

“ಇವು ಮ್ಯಾಲಿನ ಕಲಿ ಅಲ್ರೀ ಅಕ್ಕಾರ. ಒಳಗಿನವು. ನಿಮ್ಮ ಮೈಯಾಗಿನವು. ಇದನ್ನ ತಗಿಸಿದಾಗ ವಯಸ್ಸೆಷ್ಟು ನಿಮಗ?”

“ಹದಿನೆಂಟು.”

“ವಯಸ್ಸಾದವರಿಗೆ ಇಂಥಾವು ಒಂದೋ ಎರಡೋ ಕಾಣಸ್ತಾವು, ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ. ಹದಿನೆಂಟರ ಹುಡುಗಿಗೆ ಇಪ್ಪತ್ತಮೂರು ಅದಾವು!” ಅವನು ದನಿ ತಗ್ಗಿಸಿದ. “ತಪ್ಪು ತಿಳಿಬ್ಯಾಡ್ರಿ. ಸಂಡಾಸಿನಾಗ ರಕ್ತ ಏನರ ಹೋಗ್ತೈತೇನ್ರಿ?”

“ಹೋಗ್ತೈತಿ!” ಎಂದು ಚಹಾದಂಗಡಿಯ ಬೆಂಚು ಒಟ್ಟಿಗೆ ಉತ್ತರ ಕೊಟ್ಟಿತು.

ನಿಯಾಜ ನಮ್ಮ ಕಡೆ ತಿರುಗಿ ನೋಡಿದ. ಇಂಥ ಗುಟ್ಟಿನ ವಿಷಯಕ್ಕೆ ಇಷ್ಟು ಸಾಕ್ಷಿದಾರರನ್ನು ಅವನು ಕಂಡಿರಲಿಕ್ಕಿಲ್ಲ. ಸೋಮವಾರದ ಆಪರೇಷನ್ನಿನ ಸುದ್ದಿಯನ್ನೂ ನಾವೇ ಹೇಳಿದೆವು.

“ನಾ ಡಾಕ್ಟರ್ ಅಲ್ಲ” ಎಂದ. “ಇದು ಹಿಂಗ ಅಂತ ಹೇಳಾಕ ನನಗ ಅಧಿಕಾರಿಲ್ಲ. ಆದ್ರ ತಿಳಿದವರು ನೋಡೋತನಕ ಅಲ್ಲಿ ಕತ್ತರಿ ಹಾಕಿಸ್ಕೊಬ್ಯಾಡ್ರಿ.”

ಅವನು ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಇದ್ದವನು. ಅಲ್ಲಿ ಕರುಳಿನ ಡಾಕ್ಟರ್ ಭಾಗ್ಯಶ್ರೀ, ಹಿರೇಕೆರೂರ ತಾಲೂಕಿನ ಹಂಸಭಾವಿಯವರು, ಅವನಿಗೆ ಪರಿಚಯ. ಅಲ್ಲಿಯೇ ನಿಂತು ಫೋನಿನಲ್ಲಿ ಎಕ್ಸ್‌ರೇಯ ಫೋಟೊ ಹೊಡೆದು ಕಳಿಸಿದ. ಎರಡು ನಿಮಿಷಕ್ಕೆ ಡಾಕ್ಟರ ಉತ್ತರ ಬಂತು: ಚುಕ್ಕಿ ಇರಲಿ, ಪೇಶಂಟಿನ ಕರುಳಿನಾಗ ಮಿರ್ಚಿ ಕಾಣಾಕತ್ತಾವಲ್ಲ?

ಮಿರ್ಚಿ ತೆಗೆದಿಟ್ಟು ಇನ್ನೊಂದು ಫೋಟೊ ಕಳಿಸಿದ ಮೇಲೆ ಡಾಕ್ಟರೇ ಫೋನು ಮಾಡಿದರು. ಮುಂದಿನ ವಾರ ಹುಬ್ಬಳ್ಳಿಗೆ ಬರಬೇಕು, ಆ ಹಾಳೆಯನ್ನೂ ತರಬೇಕು, ಸೋಮವಾರದ್ದನ್ನು ನಿಲ್ಲಿಸಬೇಕು.

ವೀರವ್ವ ಕೆರಳಿದಳು. “ಇಪ್ಪತ್ತಾರು ವರ್ಷದಿಂದ ಎಲ್ಲಾರೂ ಪೈಲ್ಸ್ ಅಂದಾರ. ಇಂವ ಸವಣೂರಿಂದ ಬಂದು ಒಂದು ಮಿರ್ಚಿ ತಿಂದು ಅಲ್ಲ ಅಂತಾನ. ಹಾಳಿ ಕೊಟ್ರ ನನ್ನ ಮಿರ್ಚಿಗೆ ನೊಣ ಕುಂಡ್ರತಾವು. ನಾ ಸೋಮವಾರ ಹೋಗಾಕೀನ!”

“ಹೋಗು. ಒಪ್ಪಿಗೆ ಪತ್ರ ನನ್ನ ಡ್ರಾವರಿನಾಗ ಐತಿ, ಕೀಲಿ ಕಳದೈತಿ” ಎಂದೆ ನಾನು.

ಕೀಲಿ ನನ್ನ ಕಿಸೆಯಲ್ಲೇ ಇತ್ತು. ಅವಳಿಗೂ ಅದು ಗೊತ್ತಿತ್ತು. ನನ್ನನ್ನು ಬಾಯಿಗೆ ಬಂದಂತೆ ಬೈದು, ಕೊನೆಗೆ ಗುಡ್ಡಪ್ಪನಿಗೆ ಮೊಳೆ ಕೀಳಲು ಹೇಳಿದಳು.

ಹುಬ್ಬಳ್ಳಿಗೆ ಗುಡ್ಡಪ್ಪನ ಜೊತೆ ನಾನು ಮತ್ತು ಖಾದರಸಾಬ ಇಬ್ಬರೂ ಹೋದೆವು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಮುಂಚೆ ಹೊಟ್ಟೆ ಪೂರ್ತಿ ತೊಳೆದಿರಬೇಕು. ಅದಕ್ಕೆಂದು ನರ್ಸು ಒಂದು ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕಲಸಿ, ಕಾಲು ಗಂಟೆಗೊಂದು ಲೋಟದಂತೆ ಕುಡಿಯಲು ಕೊಟ್ಟಳು. ಮೊದಲ ಗುಟುಕಿಗೇ ವೀರವ್ವನ ಮುಖ ಸೊಟ್ಟಗಾಯಿತು.

“ಯಪ್ಪಾ, ಏನ್ ಉಪ್ಪಿದು! ಇದರಾಗಿನ ಉಪ್ಪಿನಾಗ ನಾ ಒಂದು ವಾರದ ಮಿರ್ಚಿ ಮಾಡ್ತೇನಿ!”

ಖಾದರಸಾಬ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಡಾಕ್ಟರ್ ಭಾಗ್ಯಶ್ರೀ ಕ್ಯಾಮೆರಾ ಬಿಟ್ಟು ನೋಡಿದರು, ರಕ್ತ ಹರಿದೀತೆಂದು ಪರೀಕ್ಷೆಗೆ ಎಲ್ಲಿಯೂ ಒಂದು ಚೂರನ್ನೂ ಚಿವುಟಲಿಲ್ಲ. ಮರುದಿನ ಎಂ.ಆರ್.ಐ. ಮಾಡಿಸಿದರು. ಆಮೇಲೆ ನಮ್ಮನ್ನೆಲ್ಲ ಕೂರಿಸಿ, ಪರದೆಯ ಮೇಲೆ ತೋರಿಸಿದರು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ, ಒಂದು ಗೇಣಿಗಿಂತ ಹೆಚ್ಚು ಉದ್ದಕ್ಕೆ, ತೆಳ್ಳನೆಯ ಪೊರೆಯ ಅಡಿಯಲ್ಲಿ ನೇರಳೆ ಬಣ್ಣದ ಉಬ್ಬು ನಾಳಗಳು ಒಂದಕ್ಕೊಂದು ಹೆಣೆದುಕೊಂಡು ಕೂತಿದ್ದವು.

“ಇದು ಪೈಲ್ಸ್ ಅಲ್ಲವ್ವಾ” ಎಂದರು. “ನೀವು ಹುಟ್ಟಿದಾಗಿಂದ ನಿಮ್ಮ ಕರುಳಿನ ಗ್ವಾಡಿಯಾಗ ರಕ್ತನಾಳ ಹಿಂಗ ತಪ್ಪಾಗಿ ಬೆಳದಾವು. ಸಾವಿರ ಪೈಲ್ಸ್ ನೋಡಿದವರಿಗೂ ಇಂಥಾದ್ದು ಒಂದು ಸಿಗೋದು ಕಷ್ಟ. ರಕ್ತ ಅದರಾಗ ನಿಂತು, ಗರಣಿಗಟ್ಟಿ, ಸುಣ್ಣದ ಹರಳ ಆಗ್ತೈತಿ. ನೀವು ದಿನಾ ತಿಕ್ಕತಿದ್ರಲ್ಲ, ಆ ಚುಕ್ಕಿ ಅವ. ಮೂರನೇ ಸಲ ಪೈಲ್ಸ್ ಅಂತ ಕೊಯ್ದಿದ್ರ ರಕ್ತ ನಿಲ್ಲಸೋದು ಯಾರ ಕೈಯಾಗೂ ಇರತಿರಲಿಲ್ಲ.”

ವೀರವ್ವ ಕೇಳಿದ್ದು ಖಾರದ ಮಾತನ್ನೇ.

“ಖಾರ ತಿಂದಿದ್ದಕ್ಕ ಬಂತೇನ್ರಿ ಇದು?”

“ಖಾರಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.”

“ಬಿಟ್ಟಿದ್ದಕ್ಕ ಏನರ ಕಡಿಮಿ ಆತೇನ್ರಿ?”

“ಇಲ್ಲವ್ವಾ.”

ನನಗೆ ನನ್ನ ಮೂಲಂಗಿ ರಸದ ನೆನಪಾಗಿ, ನೆಲಕ್ಕೆ ಇಳಿದು ಹೋಗುವಷ್ಟು ನಾಚಿಕೆಯಾಯಿತು.

ಆ ಕರುಳಿನ ಭಾಗವನ್ನು ತೆಗೆದು ಕೂಡಿಸುವುದೇ ದಾರಿ ಎಂದರು. ಅದಕ್ಕೆ ಮೊದಲೇ ಹತ್ತು ಬಾಟಲಿ ರಕ್ತ ಸಿದ್ಧವಿರಬೇಕು; ಎಷ್ಟು ಪಡೆಯುತ್ತೇವೋ ಅಷ್ಟು ಜನ ದಾನಿಗಳು ಬರಬೇಕು. ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಹಾನಗಲ್ಲಿಗೆ ವಾಪಸಾಗಿ ನನ್ನ ಮೇಜಿನ ಮುಂದೆ ಕೂತು ಒಂದಾದ ಮೇಲೊಂದು ನೋಟೀಸು ಬರೆದೆ. “ತಾವು ಶ್ರೀಮತಿ ವೀರವ್ವ ಇವರಿಗೆ ತಾಮ್ರದ ಉಂಗುರದ ಸಲಹೆ ನೀಡಿದ್ದು ಸರಿಯಷ್ಟೆ. ಸದರಿ ಸಲಹೆಯಿಂದ ಯಾವುದೇ ಪ್ರಯೋಜನವಾಗಿರುವುದಿಲ್ಲ. ಆದ್ದರಿಂದ ಈ ನೋಟೀಸು ತಲುಪಿದ ಏಳು ದಿನಗಳೊಳಗಾಗಿ ಹುಬ್ಬಳ್ಳಿಗೆ ಹಾಜರಾಗಿ ಒಂದು ಬಾಟಲಿ ರಕ್ತ ಕೊಡತಕ್ಕದ್ದು. ತಪ್ಪಿದಲ್ಲಿ ತಮ್ಮ ಹೆಸರನ್ನು ಮಿರ್ಚಿ ಗಾಡಿಯ ಮೇಲೆ ಬರೆಸಲಾಗುವುದು.” ಕೆಳಗೆ ದುಂಡು ಮೊಹರು. ಮೊಹರು ಯಾವುದೆಂದು ಕೇಳಬೇಡಿ.

ಎಲ್ಲರೂ ಬಂದರು. ಮಜೀದ ಸವಣೂರಿನಿಂದ ಎಲೆ ಬುಟ್ಟಿ ಹೊತ್ತುಕೊಂಡೇ ಬಂದ. ಸುವರ್ಣಗಡ್ಡೆಯ ಮೈದುನ ಇಬ್ಬರು ಗೆಳೆಯರನ್ನು ಕರೆತಂದ. ದುಂಡಸಿಯ ದೊಡ್ಡವ್ವನಿಗೆ ಎಪ್ಪತ್ತೆರಡು. ಅವಳ ರಕ್ತ ಬೇಡವೆಂದರೆ ಜಗಳಕ್ಕೆ ನಿಂತು, ಮೊಮ್ಮಗನ ತೋಳು ಹಿಡಿದು ಮುಂದೆ ತಳ್ಳಿದಳು. ಲಾಡ್ಜಿನ ತಜ್ಞ ಮಾತ್ರ ಕೋಣೆ ಖಾಲಿ ಮಾಡಿದ್ದ. ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ, ಆದರೂ ಕೊಟ್ಟೆ. ಕೊಟ್ಟು ಬಿದ್ದೆ, ಅದೂ ನಿಜ.

ಆಪರೇಷನ್ ಆರು ತಾಸು ನಡೆಯಿತು. ಹೊರಗೆ ಗುಡ್ಡಪ್ಪ ಒಂದೇ ಸಮನೆ ತನ್ನ ಬೆರಳು ನೋಡಿಕೊಳ್ಳುತ್ತ ಕೂತಿದ್ದ. ವೀರವ್ವ ಬದುಕಿದಳು. ಮೂರು ತಿಂಗಳು ಮಲಕ್ಕೆಂದು ಹೊಟ್ಟೆಯ ಮೇಲೊಂದು ಚೀಲ ಕಟ್ಟಿಕೊಂಡಿದ್ದಳು, ಆಮೇಲೆ ಅದನ್ನೂ ತೆಗೆದರು. ಕೆನ್ನೆಗೆ ಬಣ್ಣ ಬಂತು, ಬೈಗುಳಕ್ಕೆ ಮೊದಲಿನ ಕಸುವು ಬಂತು. ಎಕ್ಸ್‌ರೇ ಹಾಳೆಯನ್ನು ಡಾಕ್ಟರು ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟುಕೊಂಡರು. ಪೆಟ್ಟಿಗೆಗೆ ನಿಯಾಜ ಹೊಸ ಗಾಜು ಹಾಕಿಸಿದ. ಎಲುಬಿಲ್ಲದೆ ಮಿರ್ಚಿ ಆರಿಸುವುದು ನಮಗೆ ಕೆಲವು ದಿನ ಕಷ್ಟವೇ ಆಯಿತು.

ಇನ್ನು ಖಾರ ತಿನ್ನಬಹುದು ಎಂದು ಡಾಕ್ಟರು ಹೇಳಿದ ಮರುದಿನ ಮಧ್ಯಾಹ್ನ ನಾಲ್ಕಕ್ಕೆ ವೀರವ್ವ ಮೊದಲ ಎಣ್ಣೆಯ ಮಿರ್ಚಿಯೊಂದನ್ನು ತನಗಾಗಿ ಎತ್ತಿಟ್ಟಳು. ಗಾಡಿಯ ಸುತ್ತ ನಾವೆಲ್ಲ ನಿಂತಿದ್ದೆವು. ಕಾಗದದ ಮೇಲಿಟ್ಟುಕೊಂಡು, ಊದಿ ಆರಿಸಿ, ಕಣ್ಣು ಮುಚ್ಚಿ ಕಚ್ಚಿದಳು. ಅಗಿದಳು. ಇನ್ನೊಮ್ಮೆ ಕಚ್ಚಿ ಅಗಿದಳು. ಕಣ್ಣು ತೆರೆದಳು.

“ಇದಕ್ಕ ಉಪ್ಪು ಎಲ್ಲೈತಿ?”

ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

“ಇವತ್ತೊಂದಿನ ಮರತೇನೇನು?” ಎಂದು ಗುಡ್ಡಪ್ಪನನ್ನು ಕೇಳಿದಳು.

ಗುಡ್ಡಪ್ಪ ಹತ್ತು ವರ್ಷದ ಮಾತನ್ನು ಒಟ್ಟುಗೂಡಿಸಿ ಹೇಳಿದ: “ಇಲ್ಲ. ದಿನಾನೂ ಹಿಂಗ ಇರ್ತಾವು.”

ಖಾದರಸಾಬ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಬೆಂಚಿನ ಕೆಳಗೆ ಇಪ್ಪತ್ತು ವರ್ಷದಿಂದ ಬಚ್ಚಿಟ್ಟಿದ್ದ ಉಪ್ಪಿನ ಬಟ್ಟಲನ್ನು ತಂದು ಗಾಡಿಯ ಮೇಲಿಟ್ಟ. ನಾವು ಒಳಗೆ ಹೋಗಿ ತಿನ್ನುತ್ತಿದ್ದದ್ದು ಅದಕ್ಕೆ. ಉಪ್ಪು ಹಚ್ಚಿಕೊಂಡರೆ ವೀರವ್ವನ ಮಿರ್ಚಿಯಂಥ ಮಿರ್ಚಿ ಜಿಲ್ಲೆಯಲ್ಲಿಲ್ಲ. ಹಚ್ಚಿಕೊಳ್ಳದಿದ್ದರೆ ಬಿಸಿ ಹುಲ್ಲು. ಅತ್ತೆಯ ಚಿಮಟಿ ಲೆಕ್ಕ ಸರಿಯಿತ್ತು. ಸೊಸೆಯ ಬೆರಳು ಸಣ್ಣವಿದ್ದವು, ಅಷ್ಟೆ. ಕಂಡಕ್ಟರನ ಚೀಲ ನೆನಪಿದ್ದ ನಾವ್ಯಾರೂ ಹೇಳುವ ಧೈರ್ಯ ಮಾಡಲಿಲ್ಲ.

ವೀರವ್ವ ಬಟ್ಟಲು ನೋಡಿದಳು. ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ಅವಳ ಕಣ್ಣು ನನ್ನ ಮೇಲೆ ನಿಂತಿತು.

“ನನ್ನ ಕುಂಡಿ ಸುದ್ದಿ ನಾಕು ತಾಲೂಕಿಗೆ ಗೊತ್ತೈತಿ. ಏನೂ ತಿಳೀಲಾರದ ಒಬ್ಬೊಬ್ಬರು ಒಂದೊಂದು ಔಷಧ ಹೇಳಿದ್ರಿ, ಎಲ್ಲಾ ಕುಡದೆ. ನಿಮ್ಮ ನಾಲಿಗಿಗೆ ತಿಳಿದಿದ್ದ ಮಾತು ಇದೊಂದಿತ್ತು. ಇದನ್ನ ಹೇಳಾಕ ಒಬ್ಬಗೂ ಬಾಯಿ ಬರಲಿಲ್ಲೇನು?” ಅವಳು ಬಟ್ಟಲಿನ ಅಂಚನ್ನು ಬೆರಳಿನಿಂದ ಬಡಿದಳು. “ನನ್ನ ಮುಂದ ತಿನ್ನಂಗಿಲ್ಲ ಅಂದ್ರಲ್ಲ, ನನ್ನ ಮ್ಯಾಲಿನ ಮರುಕ ಅಂತ ತಿಳದಿದ್ನಲ್ರೋ!”

ಎಲ್ಲದಕ್ಕೂ ಬರೆದುಕೊಡುವ ಮನುಷ್ಯ ನಾನು, ಕಿಸೆಯ ಪೆನ್ನಿನ ಟೋಪಿ ತೆಗೆದು ಮತ್ತೆ ಹಾಕಿದೆ.

ಅವಳು ಉಳಿದ ಮಿರ್ಚಿಯನ್ನು ಉಪ್ಪಿಗೆ ಒತ್ತಿ ಬಾಯಿಗಿಟ್ಟಳು. ಕಣ್ಣಲ್ಲಿ ದಳದಳ ನೀರು ಬಂತು, ಮೂಗಿನಲ್ಲೂ ಬಂತು. ಖಾರಕ್ಕೆ ಎಂದಳು. ತೊಟ್ಟಿನವರೆಗೆ ತಿಂದು ಮುಗಿಸಿದಳು. ಆಮೇಲೆ ಹಿಟ್ಟಿನ ಬೋಗುಣಿ ಹತ್ತಿರ ಎಳೆದುಕೊಂಡು, ಬಟ್ಟಲಿನ ಉಪ್ಪನ್ನು ಅಳತೆಯಿಲ್ಲದೆ ಸುರಿದು ಕಲಸಿದಳು. ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದಳು.

“ಎಲ್ಲಾರೂ ಇಲ್ಲೇ ನಿಂದರ್ರಿ. ನನ್ನ ಮುಂದ ತಿಂದು ಹೋಗ್ರಿ” ಎಂದು ಎಣ್ಣೆಗೆ ಮಿರ್ಚಿ ಬಿಟ್ಟಳು.